ಊಟದ ಪಂಕ್ತಿಯೂ ಎರಡು ಗ್ರಾಫಿಕ್ಸ್ ಕಾರ್ಡುಗಳೂ

ಮೊದಲೇ ಹೇಳಿಬಿಡುತ್ತೇನೆ, ಆ ಕಂಪ್ಯೂಟರಿಗೆ ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ದಡ್ಡ ನಾನೇ. ಕಡೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಯಜಮಾನರಂತೆ ಗಂಟಲು ಸರಿಮಾಡಿಕೊಂಡು, ಅವರದೇ ದನಿಯಲ್ಲಿ ಗಿರಾಕಿಗಳಿಗೆ ಫೋನಿನಲ್ಲಿ ಸಮಾಧಾನ ಹೇಳುವುದು ಹವ್ಯಾಸ. ವಿಡಿಯೋಗೆ ಬಣ್ಣ, ಎಫೆಕ್ಟು ತುಂಬುವ ಭಾರವೆಲ್ಲ ಈ ಕಾರ್ಡಿನದು. ಒಂದರ ಜೊತೆ ಇನ್ನೊಂದು ಸೇರಿದರೆ ಕೆಲಸ ಅರ್ಧ ಹೊತ್ತಿಗೇ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ.

"ಜೋಡೆತ್ತು ಕಟ್ಟಿದಂಗೆ ಸಾರ್," ಎಂದೆ.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಎತ್ತಿಗಲ್ಲ ಕಣೋ, ಕಟ್ಟೋನಿಗೆ ಬುದ್ಧಿ ಇರ್ಬೇಕು."

ಆದರೂ ತರಿಸಿಕೊಟ್ಟರು. ಹಳೆಯ ಕಾರ್ಡಿನ ಕೆಳಗೇ, ನಡುವೆ ಬೆರಳು ತೂರದಷ್ಟು ಹತ್ತಿರ, ಹೊಸದನ್ನು ಕೂರಿಸಿದೆ. ಸ್ವಿಚ್ ಒತ್ತಿದರೆ ಬೀರೂರು ಜಂಕ್ಷನ್ನಿನಿಂದ ಗೂಡ್ಸ್ ಗಾಡಿ ಹೊರಟ ಸದ್ದು. ಆ ಸದ್ದನ್ನೂ ನಾನು ಬಾಯಲ್ಲಿ ಮಾಡಬಲ್ಲೆ. ಆ ಕಾರ್ಡುಗಳು ಕಾರುವಷ್ಟು ಬಿಸಿ ಮಾತ್ರ ಮಾಡಲಾರೆ.

ಜೋಡೆತ್ತಿಗೆ ಸಿಕ್ಕಿದ ಮೊದಲ ಕೆಲಸ ತರೀಕೆರೆಯ ಒಂದು ಮದುವೆ. ಹುಡುಗಿಯ ಅಜ್ಜಿ ಅಜ್ಜಂಪುರದವರು. ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರಿಂದ ಮೊಮ್ಮಗಳ ಮದುವೆಗೆ ಬರಲಾಗಲಿಲ್ಲ. ಸೋಮವಾರ ಹೊಸ ಜೋಡಿ ಅಜ್ಜಿಯ ಮನೆಗೆ ಬರುತ್ತದೆ, ಅಷ್ಟರೊಳಗೆ ವಿಡಿಯೋ ಆಗಬೇಕು ಎಂದು ಹುಡುಗಿಯೇ ಫೋನ್ ಮಾಡಿದಳು. "ಅಜ್ಜಿ ಬೆಳಗಾದ್ರೆ ಅದನ್ನೇ ಕೇಳುತ್ತೆ ಕಣ್ರೀ."

ಎಡಿಟ್ ಮುಗಿಸಿ, ಪೂರ್ತಿ ವಿಡಿಯೋ ಒಂದೇ ಫೈಲಾಗಿ ಹೊರಬರಲಿ ಎಂದು ಕಂಪ್ಯೂಟರಿಗೆ ಕೊಟ್ಟೆ. ಅರ್ಧ ದಾರಿಯಲ್ಲಿ ಟುಪ್ ಎಂದು ಇಡೀ ಕಂಪ್ಯೂಟರ್ ಆರಿಹೋಯಿತು. ಮತ್ತೆ ಕೊಟ್ಟೆ, ಮತ್ತೆ ಟುಪ್. ಕೆಳಗಿನ ಕಾರ್ಡ್ ಬಿಟ್ಟ ಬಿಸಿಯುಸಿರನ್ನೇ ಮೇಲಿನದು ಎಳೆದುಕೊಂಡು ಬೇಯುತ್ತಿತ್ತು, ಇಬ್ಬರಿಗೂ ಸಾಲುವಷ್ಟು ಕರೆಂಟ್ ಕೊಡುವ ಶಕ್ತಿ ಒಳಗಿನ ಪವರ್ ಸಪ್ಲೈಗೂ ಇರಲಿಲ್ಲ ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ವಿಡಿಯೋ ಚಿಕ್ಕದಾದಷ್ಟೂ ದಡ ಸೇರುವ ಆಸೆ ಹೆಚ್ಚು. ಹಾಗಾಗಿ ಕತ್ತರಿಸುತ್ತ ಹೋದೆ.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ಏನು ಬೇಕಾದರೂ ತೆಗೆ, ಊಟದ ಪಂಕ್ತಿ ತೆಗೆಯಬೇಡ. ಎಲೆ ಮುಂದೆ ಕೂತ ಒಬ್ಬೊಬ್ಬರ ಮುಖವೂ ಬರಲೇಬೇಕು. ನಾನು ಪಂಕ್ತಿಯನ್ನೇ ತೆಗೆದೆ. ಉಳಿದ ತುಣುಕಿಗೆ ಹಾಡು ಹಾಕಿ, ಪರದೆಯ ಮೇಲೆ ಗುಲಾಬಿ ದಳ ಉದುರಿಸಿ, ಸೋಮವಾರ ಪೆನ್‌ಡ್ರೈವ್ ಹಿಡಿದು ಅಜ್ಜಂಪುರಕ್ಕೆ ಹೋದೆ.

ಅಜ್ಜಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ದಿಂಬಿಗೆ ಒರಗಿ ಕಾಯುತ್ತಿದ್ದರು. ತಾಳಿ ಕಟ್ಟಿದ್ದಾಯಿತು, ದಳ ಉದುರಿತು, ವಿಡಿಯೋ ಮುಗಿಯಿತು.

"ಚೆನ್ನಾಗೈತೆ ಕಣಪ್ಪ. ಊಟ ಎಲ್ಲಿ?"

"ಊಟ ಬೋರು ಅಜ್ಜಿ, ತೆಗೆದ್ಬಿಟ್ಟೆ."

"ನನ್ ತಂಗಿ ಉಂಡ್ಳಾ?"

ನನಗೆ ಏನೂ ಅರ್ಥವಾಗಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋಗಿ ಮೊಮ್ಮಗಳು ಹೇಳಿದಳು. ಅಜ್ಜಿಯನ್ನೂ ಅವರ ತಂಗಿಯನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಒಂದೇ ಒಲೆಯ ಮುಂದೆ ಜಗಳ ಹತ್ತಿ, ಪಾಲಾಗಿ, ತಂಗಿಯ ಸಂಸಾರ ಸಖರಾಯಪಟ್ಟಣ ಸೇರಿತು. ಅಂದಿನಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರೂ ಮುಟ್ಟಿಲ್ಲ. ಈ ಮದುವೆಗೆ ತಂಗಿ ಬಂದದ್ದೇನೋ ನಿಜ. ಆದರೆ ಅಕ್ಷತೆ ಹಾಕಿ ಹಾಗೇ ಹೊರಟರೆ ಜಗಳ ಇನ್ನೂ ಇದೆ ಎಂದರ್ಥ. ಎಲೆಗೆ ಕೂತರೆ ಮುಗಿಯಿತು.

"ಉಂಡ್ಳು ಅಂತ ಎಲ್ರೂ ಹೇಳಿದೀವಿ. ನನ್ ಸಮಾಧಾನಕ್ಕೆ ಹೇಳ್ತೀರ ಅಂತದೆ ಅಜ್ಜಿ."

ನಾನು ಮಂಚದ ಬಳಿಗೆ ಬಂದೆ. "ನಿಮ್ ತಂಗಿ ನೋಡೋಕೆ ಹೆಂಗಿದಾರೆ ಅಜ್ಜಿ?"

"ನನ್ನಂಗೇ. ಮೂಗು ಒಂದೀಟು ದಪ್ಪ."

"ನಾಳೆ ತತ್ತೀನಿ," ಎಂದು ಹೊರಟೆ. ಬೀರೂರು ದಾಟಿ ಕಡೂರು ಸೇರಿದವನೇ ನಡೆದದ್ದನ್ನು ಯಜಮಾನರಿಗೆ ನನ್ನದೇ ದನಿಯಲ್ಲಿ ಹೇಳಿದೆ.

ಯಜಮಾನರು ಎಲ್ಲವನ್ನೂ ಕೇಳಿದರು. ಗಂಟಲು ಸರಿಮಾಡಿಕೊಂಡರು, ಆದರೆ ಬೈಯಲಿಲ್ಲ, ಸ್ಕ್ರೂಡ್ರೈವರ್ ಕೈಗಿಟ್ಟರು. ಹೊಸ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಗೆ ಹಾಕಿದೆ. ದಳವಿಲ್ಲ, ಹಾಡಿಲ್ಲ, ಪಂಕ್ತಿಗಳನ್ನೆಲ್ಲ ಇದ್ದಂತೆಯೇ ಜೋಡಿಸಿದೆ. ಹಳೆಯ ಕಾರ್ಡ್ ಒಂದೇ ನಿಧಾನವಾಗಿ, ಎಲ್ಲೂ ನಿಲ್ಲದೆ, ಎಳೆದು ಮುಗಿಸಿತು.

ಮಾರನೆಯ ದಿನ ಅಜ್ಜಿ ಒಂದೊಂದು ಎಲೆಯ ಮುಂದಿನ ಮುಖಕ್ಕೂ ಹೆಸರು ಹೇಳುತ್ತ ನೋಡಿದರು. ಬಡಿಸುವವನು ಹೋಳಿಗೆಯ ಪಾತ್ರೆ ಹಿಡಿದು ಮುಂದೆ ಸಾಗುತ್ತಿದ್ದ. ದಪ್ಪ ಮೂಗಿನ ಮುದುಕಿಯೊಬ್ಬಳು ಅವನ ಪಂಚೆ ಹಿಡಿದು ನಿಲ್ಲಿಸಿದಳು.

"ಲೇ, ಇದು ನಮ್ಮಕ್ಕನ ಮನೆ ಮದ್ವೆ. ಇನ್ನೊಂದು ಹಾಕು."

ಹಾಡು ಹಾಕಿದ್ದರೆ ಈ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಅಜ್ಜಿ ಕೈಸನ್ನೆ ಮಾಡಿದರು. ಹಿಂದಕ್ಕೆ ಎಳೆದು ಮತ್ತೆ ತೋರಿಸಿದೆ. ಇನ್ನೊಮ್ಮೆ ಎಂದರು.

"ಸಕ್ಕರೆ ಕಾಯ್ಲೆ ಇಟ್ಕಂಡು ಎರಡ್ನೇದು ತಿಂತಾಳೆ, ನೋಡು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಳು ನನಗೂ ಬರುವಂತಿತ್ತು. ತಪ್ಪಿಸಿಕೊಳ್ಳಲು ನನಗೆ ಗೊತ್ತಿರುವ ದಾರಿ ಒಂದೇ. "ಲೇ, ಇನ್ನೊಂದು ಹಾಕು," ಎಂದು ಆ ತಂಗಿಯ ದನಿಯಲ್ಲೇ ಅಂದೆ. ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕು, "ಮೂಗಿಂದ ಬರ್ಬೇಕು ಕಣೋ, ನಿಂದು ಬರೀ ಗಂಟ್ಲು," ಎಂದು ತಿದ್ದಿದರು.

ತಡವಾದದ್ದೇಕೆ ಎಂದು ಆಗ ಹೇಳಿದೆ. ಎರಡು ಕಾರ್ಡೂ ಒಳ್ಳೆಯವೇ, ಬೇರೆ ಬೇರೆ ಇದ್ದರೆ ಚೆನ್ನಾಗಿಯೇ ದುಡಿಯುತ್ತವೆ, ತೀರ ಒತ್ತಿ ಕೂರಿಸಿದ್ದರಿಂದ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಎರಡೂ ನಿಂತುಹೋಗುತ್ತಿದ್ದವು ಎಂದೆ.

"ಹೊಸದು ಡಬ್ಬೀಲಿ ಸುಮ್ನೆ ಕೂತೈತೆ. ಅದನ್ನೇನ್ ಮಾಡ್ಲಿ ಅಜ್ಜಿ?"

ಟಿವಿಯಲ್ಲಿ ತಂಗಿ ಇನ್ನೂ ಹೋಳಿಗೆ ಮುರಿಯುತ್ತಿದ್ದಳು. ಅಜ್ಜಿ ಅಲ್ಲಿಂದ ಕಣ್ಣು ಕೀಳದೆ ಹೇಳಿದರು:

"ಬೇರೆ ಮನೆ ಮಾಡ್ಕೊಡು. ಹಬ್ಬಕ್ಕೆ ಕರೀತಿರು."