ಕೆಂಪು ದುಪಟ್ಟಾದೊಳಗೆ ಯಾವ ಹೊಳಪು

ಪೌಡರ್ ಕೊಳ್ಳಲು ಬಂದವರು ಮೊದಲು ಅಂಗೈಗೆ ಹಚ್ಚಿ ನೋಡುತ್ತಿದ್ದರು. ಅಂಗೈ ಎಲ್ಲರದ್ದೂ ಬೆಳ್ಳಗೇ ಇರುತ್ತದೆ, ಅದನ್ನು ನಂಬಬೇಡಿ. ಕಿವಿಯ ಕೆಳಗೆ, ದವಡೆಯ ಮೇಲೆ ಒಂದು ಬೆರಳಷ್ಟು ಹಚ್ಚಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲಿಗೆ ಬಂದು ನಿಂತು ಕನ್ನಡಿ ನೋಡಿ. ತುಮಕೂರಿನ ಮಂಡಿಪೇಟೆಯಲ್ಲಿ ನಾನು ಫ್ಯಾನ್ಸಿ ಸ್ಟೋರ್ ಇಟ್ಟಿದ್ದ ಕಾಲದಲ್ಲಿ, ಅಂದರೆ ಎಂಬತ್ತರ ದಶಕದ ಶುರುವಿನಲ್ಲಿ, ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಚೌಕಾಸಿಯಲ್ಲಿ ನನಗೆ ಬಂದಿದ್ದ ಹೆಸರು ಅಂಥದ್ದು. ಪುಕ್ಕಟೆ ಬುದ್ಧಿ ಹೇಳಿದರೂ, "ಈವಮ್ಮ ಜಾಸ್ತಿ ಬೆಲೇದು ದಾಟಿಸಕ್ಕೆ ನೋಡ್ತಾವ್ಳೆ" ಅನ್ನುತ್ತಿದ್ದರು.

ನಾನು ಹುಟ್ಟಿದ್ದು ಗುಬ್ಬಿ. ಬಳೆ, ಟೇಪು, ಕುಂಕುಮ, ಸ್ನೋ ಬಾಟಲಿಗಳನ್ನು ತಗಡಿನ ಟ್ರಂಕಿನಲ್ಲಿ ತುಂಬಿಕೊಂಡು ರೈಲಿನಲ್ಲಿ ನಿಟ್ಟೂರಿನ ತನಕ ಮಾರಿ ಬಂದವಳು. ಹೊಳಪಿನ ಪುಡಿಯ ವಿಷಯ ಗೊತ್ತಾಗಿದ್ದೂ ಗುಬ್ಬಿಯಲ್ಲೇ, ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದ ಒಬ್ಬರಿಂದ. ಕಾಗೆಬಂಗಾರವನ್ನು ಅರೆದು ಪುಡಿ ಮಾಡಿ ರಾಜರಾಣಿಯರ ಮುಖಕ್ಕೆ ಹಾಕುತ್ತಿದ್ದರು. ಅವರ ಹತ್ತಿರ ಪೊಟ್ಟಣ ಕೊಳ್ಳಲು ಹೋಗಿ ಬೆಲೆಗೆ ಜಗಳ ಆಡುತ್ತಿದ್ದಾಗ, "ಬೆಲೆ ಇಳಿಸಲ್ಲ ಕಣಮ್ಮ, ಬೇಕಾದ್ರೆ ಗುಟ್ಟು ಹೇಳ್ತೀನಿ. ಮೂಳೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಹಚ್ಚು, ಹಳ್ಳಕ್ಕೆ ಹಚ್ಚಬೇಡ" ಅಂದರು. ಗುಟ್ಟನ್ನೂ ತೆಗೆದುಕೊಂಡೆ, ಬೆಲೆಯನ್ನೂ ಇಳಿಸಿಕೊಂಡೆ.

ಮಿಕ್ಕಿದ್ದನ್ನು ಗಿರಾಕಿಗಳ ಮುಖ ನೋಡಿಯೇ ಕಲಿತೆ. ಕೆಂಪಗಿರುವವರಿಗೆ ಬೆಳ್ಳಿ ಹೊಳಪು, ತಿಳಿ ಗುಲಾಬಿ ಒಪ್ಪುತ್ತದೆ. ಎಣ್ಣೆಗೆಂಪಿನವರಿಗೆ ಜೇನಿನಂಥ ಚಿನ್ನ. ಕಪ್ಪಗಿರುವವರಿಗೆ ಹುಣಸೆಹಣ್ಣಲ್ಲಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣ, ಅದು ಹೊರಗಿನಿಂದ ಬಳಿದಂತೆ ಕಾಣುವುದಿಲ್ಲ, ಒಳಗಿನಿಂದ ಬಂದಂತಿರುತ್ತದೆ. ಪುಡಿ ದಪ್ಪವಾಗಿದ್ದರೆ ಮಿಣಮಿಣ ಅನ್ನುತ್ತದೆ, ಅದು ದೂರದಿಂದ ನೋಡುವ ನಾಟಕಕ್ಕೆ ಸರಿ. ಹತ್ತಿರದಿಂದ ನೋಡುವ ಮುಖಕ್ಕೆ ತೆಳು ಮಲ್ ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಪುಡಿಯೇ ಬೇಕು. ಮೊಡವೆಯ ಗುಳಿ ಇರುವ ಕಡೆ ಹಚ್ಚಲೇಬೇಡಿ. ಹೊಳಪು ಚಾಡಿ ಹೇಳುತ್ತದೆ.

ಒಂದು ಬೆಳಿಗ್ಗೆ ತುಮಕೂರಿನದೇ ಸದಾಶಿವನಗರದಿಂದ ಒಬ್ಬ ಹೆಂಗಸು ಅಂಗಡಿಗೆ ಬಂದರು. ಮದುವೆ ಗೊತ್ತಾಗಿದ್ದ ಒಬ್ಬ ಹುಡುಗನ ತಾಯಿಯ ಅಕ್ಕ. ಹುಡುಗ ಖಾಲಾ ಅನ್ನುತ್ತಿದ್ದ, ಬೀದಿಯವರೂ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ.

"ಬೆಳ್ಳಿ ಅಫ್ಶಾನ್ ಕೊಡು" ಅಂದರು. ಅಫ್ಶಾನ್ ಅಂದರೆ ಮುಸಲ್ಮಾನರ ಮದುವೆ ಹೆಣ್ಣಿನ ಬೈತಲೆಗೆ, ಹಣೆಗೆ, ಕೆನ್ನೆಗೆ ಹಾಕುವ ಹೊಳಪಿನ ಪುಡಿ.

"ಹುಡುಗಿ ಬಣ್ಣ ಹೆಂಗಿದೆ ಖಾಲಾ?"

"ಹೆಂಗಿದ್ರೆ ನಿನಗೇನು? ನೀನೇನು ಸೊಸೆ ತಂದ್ಕೊಳ್ತಿದೀಯಾ?"

"ಎಣ್ಣೆಗೆಂಪಿದ್ರೆ ಬೆಳ್ಳಿ ಬೇಡ. ಬೂದಿ ಬಳಿದಂಗೆ ಕಾಣುತ್ತೆ. ಚಿನ್ನದ್ದು ತಗೊಳ್ಳಿ."

ಖಾಲಾ ನನ್ನ ಹಣೆಯ ವಿಭೂತಿಯನ್ನೇ ನೋಡಿದರು. "ನೀನು ಬಳ್ಕೊಂಡಿರೋದೂ ಅದೇ ತಾನೆ? ಚೆನ್ನಾಗೇ ಕಾಣ್ತಿದೀಯಲ್ಲ."

"ಇದು ಶಿವನಿಗೆ ಕಾಣ್ಲಿ ಅಂತ ಖಾಲಾ. ಅದು ಗಂಡನಿಗೆ ಕಾಣ್ಲಿ ಅಂತ."

ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಆದರೆ ಪಟ್ಟು ಬಿಡಲಿಲ್ಲ. "ಚಿನ್ನದ್ದು ಜಾಸ್ತಿ ರೇಟು, ಅದಕ್ಕೇ ಇಷ್ಟು ಮಾತು. ನಮ್ ಸೊಸೆ ಬೆಳ್ಳಗೆ ಕಾಣ್ಬೇಕು, ಅಷ್ಟೆ." ಬೆಳ್ಳಿ ಡಬ್ಬಿ ತೆಗೆದುಕೊಂಡು ಹೋದರು.

ಆಗ ನಮ್ಮ ಕಡೆ ಬ್ಯೂಟಿ ಪಾರ್ಲರ್ ಇನ್ನೂ ಕಾಲಿಟ್ಟಿರಲಿಲ್ಲ. ಮದುವೆ ಹೆಣ್ಣಿಗೆ ಅಲಂಕಾರ ಮಾಡಲು ನನ್ನನ್ನೇ ಕರೆಯುತ್ತಿದ್ದರು. ಕುಣಿಗಲ್ಲಿನಿಂದ ಒಬ್ಬ ತಾಯಿ ಹೇಳಿ ಕಳಿಸಿದ್ದರು, ಬೆಳಗಿನ ಬಸ್ಸು ಹಿಡಿದು ಹೋದೆ. ಒಳಕೋಣೆಯಲ್ಲಿ ಕೂತಿದ್ದ ಹುಡುಗಿ ಒಳ್ಳೆ ಎಣ್ಣೆಗೆಂಪು ಬಣ್ಣ, ಎತ್ತರದ ಕೆನ್ನೆಮೂಳೆ. ನನಗೆ ಕೈ ತುರಿಸಿತು. ಇಂಥ ಮುಖ ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

ಅವಳು ಮಾತ್ರ ಒಂದು ಫೋಟೋ ಮುಂದಿಟ್ಟಳು. ನಿಶ್ಚಿತಾರ್ಥದ ದಿನದ್ದು. ಯಾರೋ ಬಿಳಿ ಪೌಡರು ಮೆತ್ತಿದ್ದರು.

"ನೋಡಿ ಅಕ್ಕ, ಕೈ ನಂದು. ಮುಖ ಯಾರ್ದೋ."

ನಾನು ನಗಬಾರದೆಂದು ತುಟಿ ಕಚ್ಚಿದೆ. ಅವಳು ನಗಲಿಲ್ಲ.

"ಇವತ್ತೂ ಹಿಂಗೇ ಮಾಡಿದ್ರೆ ಜಲ್ವಾದಲ್ಲಿ ನಾನು ಕಣ್ಣೇ ಬಿಡಲ್ಲ. ಅವ್ರ ಪಕ್ಕದಲ್ಲಿ ಆ ಮುಖ ನೋಡಕ್ಕೆ ನನ್ನಿಂದ ಆಗಲ್ಲ."

ಜಲ್ವಾ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಕಾಹ್ ಮುಗಿದ ಮೇಲೆ ಗಂಡು ಹೆಣ್ಣು ಇಬ್ಬರನ್ನೂ ಕೂರಿಸಿ, ತಲೆ ಮೇಲೆ ಕೆಂಪು ದುಪಟ್ಟಾ ಹೊದಿಸಿ, ನಡುವೆ ಕನ್ನಡಿ ಇಡುತ್ತಾರೆ. ಅವನು ಅವಳನ್ನು ಕನ್ನಡಿಯಲ್ಲೇ ನೋಡಬೇಕು. ಹುಡುಗಿ ಕಣ್ಣು ಮುಚ್ಚಿಕೊಂಡಿರುತ್ತಾಳೆ. "ಬೀಬಿ, ಕಣ್ಣು ಬಿಡು, ನಾನು ನಿನ್ನ ಗುಲಾಮ" ಎಂದು ಅವನು ಬೇಡಿಕೊಂಡ ಮೇಲೆಯೇ ಬಿಡುವುದು. ಅವಳು ಸತಾಯಿಸುತ್ತಾಳೆ, ಸುತ್ತ ಕೂತ ಹೆಂಗಸರು ನಗುತ್ತಾರೆ. ಅವಳ ತಾಯಿ ಇದನ್ನೂ ಅಂಥ ಸತಾಯಿಸುವ ಮಾತು ಅಂದುಕೊಂಡು ಹೊರಗೆ ಹೋದರು. ನನಗೆ ಹಾಗನ್ನಿಸಲಿಲ್ಲ. ತನ್ನ ಮುಖ ತಾನೇ ನೋಡಲಾರೆ ಎನ್ನುವ ಹುಡುಗಿ ತಮಾಷೆ ಮಾಡುತ್ತಿರುವುದಿಲ್ಲ.

ಅಷ್ಟರಲ್ಲಿ ಹುಡುಗನ ಕಡೆಯವರು ಸೂಟ್‌ಕೇಸು ಹೊತ್ತು ಒಳಗೆ ಬಂದರು. ಮುಂದೆ ನಮ್ಮ ಖಾಲಾ, ಕೈಯಲ್ಲಿ ನಾನೇ ಮಾರಿದ ಬೆಳ್ಳಿ ಡಬ್ಬಿ.

"ಓಹೋ, ಇಲ್ಲಿಗೂ ಬಂದ್ಯಾ?" ಅಂದರು.

ಗಂಡಿನ ಕಡೆಯವರು ತಂದ ಸೀರೆ, ಒಡವೆ, ಅತ್ತರು, ಅಫ್ಶಾನ್, ಎಲ್ಲವೂ ಹುಡುಗಿಯ ಮೈಮೇಲೆ ಬರಲೇಬೇಕು. ಬೇಡ ಅಂದರೆ ಅವಮಾನ. ಬಾಗಿಲಲ್ಲಿ ನಿಂತಿದ್ದ ತಾಯಿ ನನಗೆ ಕಣ್ಸನ್ನೆ ಮಾಡಿದರು, ಬಾಯಿ ಬಿಡಬೇಡ ಅಂತ. ಹುಡುಗಿ ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು.

ಎದುರಾಳಿ ಗಟ್ಟಿಯಿದ್ದಾಗ ಮಾಲನ್ನು ಬೈಯಬಾರದು, ಮಾಲನ್ನು ಅವರ ಕೈಗೇ ಕೊಡಬೇಕು. ಇದು ಚೌಕಾಸಿಯ ಮೊದಲ ಪಾಠ.

"ಖಂಡಿತ ಹಚ್ಚೋಣ ಖಾಲಾ. ಮೊದಲು ನಿಮಗೆ ಹಚ್ತೀನಿ ಬನ್ನಿ."

"ನನಗ್ಯಾಕೆ ಈ ವಯಸ್ಸಲ್ಲಿ?"

"ಹುಡುಗನ ಖಾಲಾ ನೀವು. ಎಲ್ರೂ ನಿಮ್ಮನ್ನೂ ನೋಡ್ತಾರೆ. ಪುಕ್ಕಟೆ."

"ಪುಕ್ಕಟೆ? ನೀನು?" ಖಾಲಾ ಅನುಮಾನದಿಂದಲೇ ಕೂತರು. ಅವರದ್ದೂ ಎಣ್ಣೆಗೆಂಪು ಮೈಬಣ್ಣ. ಒಂದು ಕೆನ್ನೆಗೆ ಅವರ ಬೆಳ್ಳಿ ಹಚ್ಚಿದೆ, ಇನ್ನೊಂದಕ್ಕೆ ನನ್ನ ಟ್ರಂಕಿನಿಂದ ಚಿನ್ನದ್ದು, ಮಲ್ ಬಟ್ಟೆಯಲ್ಲಿ ಸೋಸಿದ್ದು. ಜಲ್ವಾಕ್ಕೆ ಮಡಚಿಟ್ಟಿದ್ದ ಕೆಂಪು ದುಪಟ್ಟಾವನ್ನು ಅವರ ತಲೆ ಮೇಲೆ ಹೊದಿಸಿ ಕನ್ನಡಿ ಕೈಗೆ ಕೊಟ್ಟೆ. "ಹುಡುಗ ನೋಡೋದು ಇದರೊಳಗೇ ತಾನೆ? ಇದರೊಳಗೇ ನೋಡಿ."

ದುಪಟ್ಟಾದೊಳಗೆ ತಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ ಹೋಗಿ ಬಲಕ್ಕೇ ಬಂದು ನಿಂತಿತು. ಹಾಗೆ ತಿರುಗಿದರೆ ಕನ್ನಡಿಗೆ ಚಿನ್ನದ ಕೆನ್ನೆ.

"ಖಾಲಾ, ನಿದ್ದೆ ಬಂತಾ?" ಅಂತ ಒಂದು ಹುಡುಗಿ ಕೂಗಿದಳು.

"ಸುಮ್ನಿರೇ!" ಒಳಗಿನಿಂದ ಧ್ವನಿ ಬಂತು. "ನನ್ನ ಮದುವೇಲೂ ಬೆಳ್ಳಿನೇ ಮೆತ್ತಿದ್ರು. ಕನ್ನಡೀಲಿ ಏನು ಕಂಡ್ರಿ ಅಂತ ಕೇಳಿದ್ರೆ ಚಂದ್ರ ಅನ್ಬೇಕು ಗಂಡು. ನಮ್ಮೆಜಮಾನ್ರು ಏನಂದ್ರು ಗೊತ್ತಾ? ಹುಷಾರಿಲ್ವಾ ಅಂದ್ರು!"

ಕೋಣೆಯ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ದುಪಟ್ಟಾ ಸರಿದಾಗ ಮದುವೆ ಹುಡುಗಿ ಕಣ್ಣು ಬಿಟ್ಟು ಖಾಲಾನ ಎರಡು ಕೆನ್ನೆಯನ್ನೂ ನೋಡಿದಳು. ಆದರೆ ಖಾಲಾಗೆ ಇನ್ನೊಂದು ಚಿಂತೆ. "ನಮ್ ಕಡೆ ತಂದಿದ್ದನ್ನ ಹಂಗೇ ಎತ್ತಿಡಕ್ಕಾಗುತ್ತಾ?"

"ಎತ್ತಿಡೋದ್ಯಾಕೆ? ಬೆಳ್ಳಿ ಬೈತಲೆಗೆ ಹಾಕೋಣ, ಕಪ್ಪು ಕೂದಲಿಗೆ ಅದೇ ಚೆಂದ. ಕೆನ್ನೆಗೆ ಚಿನ್ನ. ಚಿನ್ನದ್ದೂ ನೀವೇ ಕೊಂಡ್ಕೊಂಡು ಕೊಟ್ಟುಬುಡಿ, ನಿಮ್ಮ ಕಡೆಯದೇ ಆಯ್ತಲ್ಲ."

"ಅಲ್ಲಿಗೆ ಬಂದ್ಯಾ! ಪುಕ್ಕಟೆ ಅಂದಾಗ್ಲೇ ಅಂದ್ಕೊಂಡೆ." ಮದುವೆಮನೆ ಅನ್ನುವುದನ್ನೂ ಮರೆತು, ಒಂದು ಕೆನ್ನೆ ಬೂದಿ, ಒಂದು ಕೆನ್ನೆ ಬಂಗಾರ ಹೊತ್ತುಕೊಂಡೇ ಖಾಲಾ ಚೌಕಾಸಿಗೆ ಕೂತರು. ಅಂಥ ಜೋರಿನ ಗಿರಾಕಿಯನ್ನು ನಾನು ಆಮೇಲೂ ಕಾಣಲಿಲ್ಲ.

ಹುಡುಗಿಗೆ ಅವಳ ಮೈಬಣ್ಣದ್ದೇ ಪೌಡರು ತೆಳ್ಳಗೆ ಹಚ್ಚಿ, ಕೆನ್ನೆಮೂಳೆಯ ಮೇಲೆ ಉಂಗುರದ ಬೆರಳಿನಲ್ಲಿ ಚಿನ್ನ ಒತ್ತಿದೆ. ತಿಕ್ಕಬಾರದು, ಒತ್ತಬೇಕು. ಮೂಗಿನ ಏಣಿನ ಮೇಲೆ ಒಂದೆಳೆ. ಬೈತಲೆಗೆ ಬೆಳ್ಳಿ. ಕನ್ನಡಿ ಹಿಡಿದರೆ ಮುಖ ತಿರುಗಿಸಿದಳು. "ಈಗ ಬೇಡ ಅಕ್ಕ. ಚೆನ್ನಾಗಿಲ್ದಿದ್ರೆ ಈಗ್ಲೇ ಅಳು ಬರುತ್ತೆ."

"ಖಾಲಾ ಕೆನ್ನೆ ನೋಡ್ದೆ ತಾನೆ?"

"ಅವ್ರದ್ದು ನೋಡ್ದೆ. ನಂದು ಹೆಂಗೋ." ಎಷ್ಟು ಹೇಳಿದರೂ ನೋಡಲಿಲ್ಲ.

ನಿಕಾಹ್, ಊಟ ಮುಗಿದು ಮಧ್ಯಾಹ್ನ ಜಲ್ವಾಕ್ಕೆ ಕೂರಿಸಿದರು. ಅಂತರಸನಹಳ್ಳಿ ಕಡೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ಗಟ್ಟಿ ಆಳು, ಹೆಂಗಸರ ನಡುವೆ ಬೆವರುತ್ತಿದ್ದ. ಅವನ ತಂಗಿಯರು ದುಪಟ್ಟಾ ಹಿಡಿದರು, ಒಂದು ಮೂಲೆ ನನ್ನ ಕೈಗೆ ಬಂತು. ಕಿಟಕಿಯ ಬಿಸಿಲು ಕೆಂಪು ಬಟ್ಟೆಯೊಳಗೆ ಇಳಿಯುತ್ತಿತ್ತು. ನಾನು ಬಗ್ಗಿದೆ. ಹುಡುಗಿಯ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಹುಡುಗ ಗಂಟಲು ಸರಿಮಾಡಿಕೊಂಡ, ಕನ್ನಡಿ ನೋಡಿದ, ಮತ್ತೆ ಗಂಟಲು ಸರಿಮಾಡಿಕೊಂಡ, ಆಡಬೇಕಾದ ಮಾತು ಮರೆತು ನೋಡುತ್ತಲೇ ಕೂತ. ಅವನ ಉಸಿರು ನಿಂತಿದ್ದು ಅವಳಿಗೂ ಕೇಳಿಸಿರಬೇಕು. ಅವಳ ಒಂದು ಕಣ್ಣು ಎಳೆಯಷ್ಟು ಬಿಚ್ಚಿತು. ಆಮೇಲೆ ಎರಡೂ. ಅವನನ್ನಲ್ಲ, ಅವಳು ತನ್ನನ್ನೇ ನೋಡಿಕೊಳ್ಳುತ್ತಿದ್ದಳು, ಬಾಯಿ ಅರ್ಧ ತೆರೆದು.

"ಅಯ್ಯಯ್ಯೋ, ಆಗ್ಲೇ ಕಣ್ಣು ಬಿಟ್ಬುಟ್ಳು!" ಅಂತ ಅವನ ತಂಗಿ ಕಿರುಚಿದಳು. "ನಮ್ಮಣ್ಣ ಇನ್ನೂ ಗುಲಾಮ ಅಂತ ಹೇಳೇ ಇಲ್ಲ!"

"ಮುಚ್ಚೇ, ಮುಚ್ಚು, ಇನ್ನೊಂದ್ಸಲ ಮುಚ್ಚು!" ಖಾಲಾ ಕೂಗಿದರು.

ದುಪಟ್ಟಾದೊಳಗಿನಿಂದ ಹುಡುಗಿಯ ಧ್ವನಿ ಬಂತು. "ಮುಚ್ಚಲ್ಲ. ನಾನಿನ್ನೂ ನೋಡ್ತಾ ಇದೀನಿ. ಅವ್ರು ಬೇಕಾದ್ರೆ ಈಗ ಹೇಳ್ಲಿ."