ಓಂಕಾರಪ್ಪನವರ ಕೂಗು

ಓಂಕಾರಪ್ಪನವರು ಬಾಯಿ ಬಿಟ್ಟರೆ ಕಡೂರು ಸಂತೆಯಲ್ಲಿ ಕಟ್ಟಿದ ಎತ್ತುಗಳೂ ಕಿವಿ ನೆಟ್ಟಗೆ ಮಾಡುತ್ತಿದ್ದವು. ಹಿರೇನಲ್ಲೂರು ಕಡೆಯ ಅವರ ಹೊಲಕ್ಕೆ ಹಂದಿ ಕಾಯುವುದಕ್ಕೆ ಅಂತ ಯಾರೂ ಬೇಕಿರಲಿಲ್ಲ. ತೆಂಗಿನ ತೋಟದ ಬದುವಿನ ಮೇಲೆ ನಿಂತು ಅವರು ಒಂದು ಸಲ "ಹೊಯ್!" ಎಂದರೆ ಸಾಕು, ಪಕ್ಕದ ಹೊಲದ ಹಂದಿಗಳೂ ಓಡುತ್ತಿದ್ದವು. ಆ ಕೂಗು ನಮ್ಮ ಬ್ಯಾಸ್ಕೆಟ್‌ಬಾಲ್ ಮೈದಾನಕ್ಕೆ ಬಂದದ್ದು ಅಜ್ಜಂಪುರದ ಮಂಜನಿಂದ.

ನಾನು ಆಗ ಕಡೂರಿನ ತಂಡದಲ್ಲಿದ್ದೆ. ಇದ್ದೆ ಎಂದರೆ ಬೆಂಚಿನ ಮೇಲೆ ಕೂತು ಬೇರೆಯವರ ಟವೆಲ್ ಕಾಯುತ್ತಿದ್ದೆ ಎಂದು ಅರ್ಥ. ಮಂಜ ನಮ್ಮ ತಂಡದ ಉದ್ದನೆಯ ಹುಡುಗ. ಬಸ್ಸಿನಲ್ಲಿ ತಲೆ ಬಗ್ಗಿಸಿಕೊಂಡೇ ನಿಲ್ಲುತ್ತಿದ್ದ. ಎಂಬತ್ತರ ದಶಕದ ಆರಂಭದ ಒಂದು ವರ್ಷ, ಪಂದ್ಯಾವಳಿಯ ಫೈನಲ್‌ಗೆ ಮುಂಚೆ ಜನರನ್ನು ಸೇರಿಸಲು ಡಂಕ್ ಸ್ಪರ್ಧೆ ಇಟ್ಟರು. ಚೆಂಡನ್ನು ದೂರದಿಂದ ಎಸೆಯುವಂತಿಲ್ಲ. ಓಡಿ ಬಂದು, ನೆಗೆದು, ಕೈಯಿಂದಲೇ ರಿಂಗಿನೊಳಕ್ಕೆ ಜಡಿಯಬೇಕು. ನಮ್ಮ ಕಡೆಯವರು ಅಂಥದ್ದನ್ನು ಕಂಡಿರಲೇ ಇಲ್ಲ.

ತರೀಕೆರೆಯ ಹುಡುಗರು ಒಬ್ಬೊಬ್ಬರಾಗಿ ರಿಂಗಿಗೆ ಕೈ ತಾಗಿಸಿ ಬಿದ್ದರು. ಮಂಜ ಓಡಿ ಬಂದ, ಎದ್ದ, ಜಡಿದ. ಬೋರ್ಡು ಗಡಗಡ ಅಲ್ಲಾಡಿತು. ಜನ ಬೆಪ್ಪಾಗಿ ನಿಂತಿದ್ದರು. ಕೊಬ್ಬರಿ ಮಾರಲು ಬಂದು ಸುಮ್ಮನೆ ಇಣುಕಿದ್ದ ಓಂಕಾರಪ್ಪನವರು ಆಗ ಕೂಗಿದರು: "ಹೊಯ್! ಹಾಕ್ಬಿಟ್ಟ ಕಣ್ರೋ! ಹಾರಿ ಹಾಕ್ಬಿಟ್ಟ!"

ಆಮೇಲೆ ಇಡೀ ಮೈದಾನವೇ ಕೂಗಿತು. ಓಂಕಾರಪ್ಪನವರು ಒಳಗೆ ನುಗ್ಗಿ ಮಂಜನನ್ನು ಹೆಗಲ ಮೇಲೆ ಹೊತ್ತರು. ಇವರು ಕುಳ್ಳು, ಅವನು ಉದ್ದ. ಗೆದ್ದವನ ಕಾಲು ನೆಲಕ್ಕೆ ಉಜ್ಜುತ್ತಲೇ ಮೆರವಣಿಗೆ ಹೊರಟಿತು. ಅಂದಿನಿಂದ ನಾವು ಆಡಿದಲ್ಲೆಲ್ಲ ಅವರು ಎಳನೀರು ಹೊರಿಸಿಕೊಂಡು ಹಾಜರಾಗುತ್ತಿದ್ದರು. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ರೆಫರಿ ಸೀಟಿ ಊದಿದರೆ, "ಯಾಕಪ್ಪಾ, ಚೆನ್ನಾಗ್ ಆಡ್ತಿದ್ರಲ್ಲ, ಯಾಕ್ ನಿಲ್ಲುಸ್ತೀಯ?" ಎಂದು ಅವನನ್ನೇ ಗದರುತ್ತಿದ್ದರು. ಅವರಿಗೆ ತಿಳಿದಿದ್ದದ್ದು ನೆಲ.

"ಹಾರೋನು ಇವನಲ್ಲ ಕಣೋ, ನೆಲ ಎತ್ತಿ ಹಾಕ್ತೈತೆ ಇವನ್ನ. ನೆಲ ಚೆನ್ನಾಗಿರ್ಬೇಕು" ಎನ್ನುತ್ತಿದ್ದರು.

ನಮ್ಮ ಅಂಕಣದ ನೆಲವೋ ಬರೀ ಧೂಳು, ಗರಸು. ಮರುವರ್ಷ ಮಂಜನ ಆಟ ನೋಡಲು ಹೊರಗಿನಿಂದ ಆಯ್ಕೆ ಮಾಡುವವರು ಬರುತ್ತಾರೆ, ಗೆದ್ದರೆ ಅವನಿಗೆ ಆಟದ ಕೋಟಾದಲ್ಲಿ ಕೆಲಸ ಖಂಡಿತ ಎಂಬ ಸುದ್ದಿ ಬಂತು. ಓಂಕಾರಪ್ಪನವರಿಗೆ ನಿದ್ದೆಯೇ ಹತ್ತಲಿಲ್ಲವಂತೆ. "ನಮ್ ಹುಡುಗ ಈ ಕಲ್ಲಲ್ಲಿ ಹಾರ್ಬೇಕಾ? ಕಣ ಮಾಡ್ದಂಗೆ ಮಾಡ್ಕೊಡ್ತೀನಿ ಬಿಡ್ರಿ" ಎಂದರು.

ಹೇಳಿದಂತೆಯೇ ಮಾಡಿದರು. ಗಾಡಿಯಲ್ಲಿ ಕೆರೆಯ ಮಣ್ಣು ತಂದು ಸುರಿದು, ನೀರು ಹೊಡೆದು, ಎತ್ತು ಕಟ್ಟಿ ಕಲ್ಲುಗುಂಡು ಉರುಳಿಸಿದರು. ಕೊನೆಗೆ, ರಾಗಿ ಬಡಿಯುವ ಕಣಕ್ಕೆ ಬಳಿಯುವ ಹಾಗೆ, ಸಗಣಿ ಬಗ್ಗಡ ಹಾಕಿ ಸಾರಿಸಿದರು. ಊರ ಅಭಿಮಾನಿಗಳೆಲ್ಲ ಪೊರಕೆ ಹಿಡಿದಿದ್ದರು. ಸ್ಪರ್ಧೆಯ ದಿನ ಮೋಡ ಕವಿದಿತ್ತು. ಓಂಕಾರಪ್ಪನವರು ಬರಿಗಾಲಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದು, "ಒಣಗೈತೆ" ಎಂದರು. ಅವರ ಅಂಗಾಲಿಗೆ ಒಣಗಿತ್ತು. ಕ್ಯಾನ್ವಾಸ್ ಬೂಟಿನ ರಬ್ಬರ್ ಅಟ್ಟೆಯ ಲೆಕ್ಕ ಅವರಿಗೆ ಹೇಗೆ ತಿಳಿಯಬೇಕು? ಬೋರ್ಡಿನ ಕೆಳಗಿನ ಮಣ್ಣಿನೊಳಗೆ ಇನ್ನೂ ಹಸಿ ಇತ್ತು.

ಮಂಜ ಆ ದಿನ ಎದ್ದಷ್ಟು ಎತ್ತರ ಎಂದೂ ಎದ್ದಿರಲಿಲ್ಲ. ಚೆಂಡು ರಿಂಗಿನಿಂದ ಕೆಳಕ್ಕೆ ಬರುವ ಮೊದಲೇ ಜನ ಹುಚ್ಚೆದ್ದರು. ಟವೆಲ್ಲು, ಟೋಪಿ ಮೇಲಕ್ಕೆ ಹಾರಿದವು. ಮಂಜ ಇಳಿದ, ಕಾಲು ಜಾರಿತು, ಮಂಡಿ ಪಕ್ಕಕ್ಕೆ ತಿರುಚಿಕೊಂಡಿತು. ಬಿದ್ದಲ್ಲೇ ಕಿರುಚುತ್ತಿದ್ದ. ಬೆಂಚಿನಲ್ಲಿದ್ದ ನನಗೆ ಅವನ ಬಾಯಿ ಕಾಣಿಸುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಗೆದ್ದ ಖುಷಿಗೆ ಹೊರಳಾಡುತ್ತಿದ್ದಾನೆ ಎಂದುಕೊಂಡು ಜನ ಇನ್ನೂ ಜೋರಾಗಿ ಕೂಗಿದರು. ಎಲ್ಲರಿಗಿಂತ ಮೇಲೆ ಓಂಕಾರಪ್ಪನವರ "ಹೊಯ್!" ಇತ್ತು.

ಮಂಡಿ ಮತ್ತೆ ಸರಿಹೋಗಲಿಲ್ಲ, ಸಿಗಬೇಕಿದ್ದ ಕೆಲಸವೂ ಹೋಯಿತು. ದೃಷ್ಟಿ ತಾಗಿತು ಎಂದು ಜನ ಸ್ವಲ್ಪ ದಿನ ಲೊಚಗುಟ್ಟಿದರು. ಮುಂದಿನ ವರ್ಷ ತರೀಕೆರೆಯ ಬೇರೊಬ್ಬ ಹುಡುಗ ಗೆದ್ದ. ಅದೇ ಜನ ಅವನನ್ನು ಹೊತ್ತು ಕುಣಿದರು. ಅಂದು ಓಂಕಾರಪ್ಪನವರೂ ಬಂದಿದ್ದರು, ಕೂಗಲಿಲ್ಲ. ಆಟ ಶುರುವಾಗುವ ಮುಂಚೆ ರಿಂಗಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಒತ್ತಿ ಒತ್ತಿ ನೋಡುತ್ತಿದ್ದರು. ಎಬ್ಬಿಸಲು ಹೋದೆ.

"ಅವನು ಕಿರುಚಿದ್ದು ನಂಗೆ ಕೇಳುಸ್ಲಿಲ್ಲ ಕಣೋ. ನನ್ ಗಂಟ್ಲೇ ಜೋರಾಗಿತ್ತು" ಎಂದರು.

ಆಮೇಲೆ ಎಷ್ಟೋ ವರ್ಷ ಆ ಗಂಟಲಿನಿಂದ ಕೂಗು ಬರಲೇ ಇಲ್ಲ. ಹೊಲಕ್ಕೆ ಹಂದಿ ನುಗ್ಗಿದರೆ ತಗಡು ಬಡಿಯುತ್ತಿದ್ದರಂತೆ. ಮಂಜ ಅಜ್ಜಂಪುರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡ. ಅವನು ಇವರ ಮೇಲೆ ಒಂದು ಮಾತೂ ಆಡಿದವನಲ್ಲ. ಆದರೆ ಸಂತೆಯಲ್ಲಿ ಅವನು ಕುಂಟುತ್ತಾ ಬರುವುದು ಕಂಡರೆ ಓಂಕಾರಪ್ಪನವರು ಕೊಬ್ಬರಿ ಮೂಟೆ ಬಿಟ್ಟು ಬೇರೆ ಸಾಲಿಗೆ ಹೋಗಿಬಿಡುತ್ತಿದ್ದರು. ಮಂಜ ಕರೆದರೂ ತಿರುಗುತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾರೆ, ಬಹಳ ದಿನ ಇಲ್ಲ ಎಂದು ತಿಳಿದಾಗ ಮಂಜನೇ ನನ್ನ ಹತ್ತಿರ ಬಂದ. "ಈಗ ಎದ್ದು ಓಡಕ್ಕಾಗಲ್ವಲ್ಲ ಅವ್ರಿಗೆ, ನಡಿ ಹೋಗನ" ಎಂದ. ಹೋದೆವು. ಹಬ್ಬದ ಹಿಂದಿನ ದಿನ. ಸೊಸೆ ಆಗಷ್ಟೇ ನಡುಮನೆ ಸಾರಿಸಿ ಹಿತ್ತಲಿಗೆ ಹೋಗಿದ್ದಳು. ಗೋಡೆಯ ಪಕ್ಕದ ಮಂಚದಲ್ಲಿ ಓಂಕಾರಪ್ಪನವರು ಕಣ್ಣು ಮುಚ್ಚಿ ಮಲಗಿದ್ದರು. ಎಲುಬು ಎಣಿಸುವ ಹಾಗಿದ್ದರು. ಕುಂಟು ಹೆಜ್ಜೆಯ ಸದ್ದಿಗೆ ಕಣ್ಣು ಬಿಟ್ಟರು. ಮಂಜ ಹೊಸಲು ದಾಟಲು ಕಾಲೆತ್ತಿದ.

"ಹೊಯ್! ನಿಲ್ಲೋ ಮಂಜ! ನೆಲ ಹಸಿ ಐತೆ!"

ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಸೊಸೆ ಗಾಬರಿಯಿಂದ ಓಡಿ ಬಂದಳು. ಮಂಜ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಅವನ ಕಣ್ಣು ತುಂಬಿತ್ತು.

"ನಿಂತೆ ಕಣಣ್ಣ. ಒಣಗ್ಲಿ, ಆಮೇಲ್ ಬತ್ತೀನಿ" ಎಂದ.

ಜಗಲಿಯ ಮೇಲೆ ಇಬ್ಬರೂ ಕೂತೆವು. ಒಳಗಿನಿಂದ ಆಗಾಗ "ಒಣಗ್ತೇನೋ?" ಎಂಬ ಮಾತು ಬರುತ್ತಿತ್ತು. ಮಂಜ ಹೊಸಲಿನಾಚೆ ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನೋಡಿ, "ಇನ್ನೂ ಇಲ್ಲಣ್ಣ" ಎನ್ನುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನೆಲ ಪೂರ್ತಿ ಒಣಗಿತು. ಒಳಗಿನಿಂದ ಯಾರೂ ಕೇಳಲಿಲ್ಲ.