ಟೈರಿನ ಹೊಟ್ಟೆ ಸೀಳುತ್ತಿದ್ದ ಶಾಂತಾಬಾಯಿ

ಶಾಂತಾಬಾಯಿಯ ಅಂಗಡಿಯಲ್ಲಿ ಎರಡು ಚಾಕು ಇದ್ದವು. ಒಂದು ಉಳ್ಳಾಗಡ್ಡಿ ಹೆಚ್ಚಲಿಕ್ಕೆ, ಇನ್ನೊಂದು ಟೈರು ಕೊಲ್ಲಲಿಕ್ಕೆ. ಎರಡನೆಯದು ತುದಿಯಲ್ಲಿ ಕೊಕ್ಕೆಯಂತೆ ಬಾಗಿತ್ತು. ಹಿಡಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿತ್ತು. ಗಾಡಿಯಿಂದ ಇಳಿಸಿದ ಟೈರು ಇನ್ನು ರಸ್ತೆಗೆ ಹೋಗಬಾರದು ಎಂದು ಅನ್ನಿಸಿದರೆ ಆಕೆ ಗಿರಾಕಿಯನ್ನು ಕೇಳುತ್ತಲೂ ಇರಲಿಲ್ಲ. ಟೈರನ್ನು ನೆಲಕ್ಕೆ ಕೆಡವಿ, ಮೇಲೆ ಮೊಣಕಾಲು ಊರಿ, ಪಂಕ್ಚರ್ ನೋಡುವ ತೊಟ್ಟಿಯ ನೀರಿನಲ್ಲಿ ಚಾಕು ಅದ್ದಿ, ಟೈರಿನ ಮಗ್ಗುಲನ್ನು ಒಂದು ಗೇಣು ಸೀಳಿಬಿಡುತ್ತಿದ್ದಳು. ಹಳೆಯ ಟೈರಿಗೂ ಕೊಳ್ಳುವವರಿರುತ್ತಾರೆ. ಹಾಗಾಗಿ ಆ ಅಂಗಡಿಯ ಮುಂದೆ ದಿನಕ್ಕೊಂದು ಜಗಳ ಇದ್ದೇ ಇರುತ್ತಿತ್ತು.

“ನನ್ನ ಮಾಲು ಅದು. ನೀ ಯಾಕ ಕೊಯ್ದಿ?” ಎಂದು ಒಬ್ಬ ಟೆಂಪೋದವನು ಕೂಗಾಡಿದ್ದನ್ನು ನಾನೇ ಕೇಳಿದ್ದೇನೆ.

“ನಿನ್ನ ಮಾಲು, ಖರೆ. ನಾಳಿ ಇದರ ಮ್ಯಾಲ ಕೂಡಾವ್ರು ಯಾರ ಮಾಲು, ಅದಷ್ಟು ಹೇಳು,” ಎಂದು ಆಕೆ ಚಾಕು ಒರೆಸಿಕೊಂಡಳು.

ಬೀದರಿನ ಅಂಚಿನ ನೌಬಾದಿನಲ್ಲಿ ತಗಡಿನ ಅಂಗಡಿ. ಗಂಡ ತೀರಿಹೋದ ಮೇಲೆ ಆಕೆಯೇ ನಡೆಸುತ್ತಿದ್ದಳು. ವಯಸ್ಸು ಅರವತ್ತು ದಾಟಿತ್ತು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ದಾರ ಕಟ್ಟಿದ ಕನ್ನಡಕ, ತೊಳೆದರೂ ಹೋಗದ ಕಪ್ಪು ಉಗುರು. ಬೆಳಿಗ್ಗೆ ಬಾಗಿಲು ತೆಗೆದು ಬುದ್ಧನ ಪಟ ಒರೆಸಿ ಅದರ ಮುಂದೆ ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಇಡೀ ದಿನದಲ್ಲಿ ಆಕೆಗೆ ಸಿಟ್ಟಿಲ್ಲದ ಹೊತ್ತು ಅದೊಂದೇ ಎಂದು ಪಕ್ಕದ ಚಹಾದವನು ಹೇಳುತ್ತಿದ್ದ. ಎಲ್ಲ ಗಂಡಸರನ್ನೂ ‘ಅಣ್ಣಾ’ ಎಂದೇ ಕರೆದು, ನಂತರ ಬಯ್ಯುತ್ತಿದ್ದಳು.

ನಾನು ಆಕೆಯ ಬಾಯಿಗೆ ಸಿಕ್ಕದ್ದು ಹೇಗೆ ಎಂದು ಹೇಳಬೇಕಾದರೆ ನನ್ನ ದಡ್ಡತನದಿಂದ ಶುರು ಮಾಡಬೇಕು.

ನಮ್ಮದು ಔರಾದ್ ಕಡೆಯ ಊರು. ಕುರಿ ಸಾಕುತ್ತೇವೆ, ಮಳೆ ನೋಡಿಕೊಂಡು ಬಿತ್ತುತ್ತೇವೆ. ಕುರಿಗಳನ್ನು ಸಂತೆಗೆ ಒಯ್ಯಲು ಒಂದು ಪಿಕಪ್ ಗಾಡಿ ಇದೆ. ಅದು ಒಂದೇ ದಿನದಲ್ಲಿ ಡಾಂಬರು, ಬೀದರಿನ ಕೆಂಪು ಗರಸು, ನಮ್ಮೂರಿನ ಎರೆಮಣ್ಣು ಮೂರನ್ನೂ ತುಳಿಯಬೇಕು. ನಾಲ್ಕೂ ಟೈರು ಸವೆದು ಬೋಳಾದಾಗ ಎಲ್ಲ ನೆಲಕ್ಕೂ ಒಗ್ಗುವ ‘ಆಲ್ ಟೆರೇನ್’ ಟೈರೇ ಬೇಕು ಎಂದು ಮನಸ್ಸಿಗೆ ಬಂತು. ಹೊಸದರ ಬೆಲೆ ಕೇಳಿ ಮೂರು ಅಂಗಡಿಯಿಂದ ಸುಮ್ಮನೆ ಎದ್ದು ಬಂದೆ. ಆಮೇಲೆ ಭಾಲ್ಕಿಯಲ್ಲಿ ಒಬ್ಬನ ಹತ್ತಿರ ಕಡಿಮೆಗೆ ಸಿಗುತ್ತವೆ ಎಂದು ಯಾರೋ ಹೇಳಿದರು.

ಭಾಲ್ಕಿಯವನು ದನದ ವ್ಯಾಪಾರದ ಮನೆತನದವನು. ನಾನು ಕುರಿಯವನು ಎಂದು ತಿಳಿದ ಕೂಡಲೇ ನಕ್ಕು, ಹೆಗಲ ಮೇಲಿನ ಟವೆಲ್ ತೆಗೆದ. ನಮ್ಮ ಸಂತೆಗಳಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಅದಕ್ಕೊಂದು ಕಟ್ಟಳೆಯೂ ಇದೆ. ಟವೆಲ್ ಹಾಕುವ ಮೊದಲು ಮಾರುವವನು ಐಬು ಹೇಳಬೇಕು. ಕುಂಟಿರಲಿ, ಕೆಮ್ಮಿರಲಿ, ಮೊಲೆ ಬತ್ತಿರಲಿ, ಇರುವ ದೋಷವನ್ನು ಮೊದಲೇ ಬಿಚ್ಚಿಡಬೇಕು. ಹೇಳದೆ ಟವೆಲ್ ಹಾಕಿದನೆಂದರೆ ಐಬಿಲ್ಲ ಎಂದೇ ಅರ್ಥ. ಭಾಲ್ಕಿಯವನು ಐಬು ಹೇಳಲಿಲ್ಲ. ಟವೆಲ್ ಹಾಕಿದ, ನಾನು ಕೈ ಕೊಟ್ಟೆ. ಅಗಲವಾದ, ಮೈಮೇಲೆ ದಪ್ಪ ದಪ್ಪ ರಬ್ಬರಿನ ಕಟ್ಟುಗಳಿದ್ದ, ಕನ್ನಡಿಯಂತೆ ಹೊಳೆಯುವ ನಾಲ್ಕು ಟೈರು ಹಾಕಿಸಿಕೊಂಡು ಊರಿಗೆ ಬಂದೆ. ಎರಡು ದಿನ ಮಂದಿಯನ್ನು ಕರೆದು ತೋರಿಸಿದೆ.

ಹದಿನೈದು ದಿನ ಕಳೆದಿರಲಿಲ್ಲ. ಕುರಿ ತುಂಬಿಕೊಂಡು ಇಳುಕಲು ಇಳಿಯುವಾಗ ಹಿಂದಿನ ಎಡಗಡೆಯ ಟೈರು ಸಿಡಿಯಿತು. ಗಾಡಿ ವಾಲಿ ದಂಡೆಗೆ ಆತುಕೊಂಡಿತು. ಮೂರು ಕುರಿ ಸತ್ತವು, ಅದರಲ್ಲೊಂದು ಗಬ್ಬದ್ದು. ಗಾಡಿಗೆ ಬೋಳು ಸ್ಟೆಪ್ನಿ ಹಾಕಿ, ಸಿಡಿದ ಟೈರನ್ನು ಹೊತ್ತುಕೊಂಡು ಭಾಲ್ಕಿಗೆ ಹೋದರೆ ಅವನು ಕುರ್ಚಿಯಿಂದ ಏಳಲೇ ಇಲ್ಲ.

“ನೋಡೇ ತಗೊಂಡಿರಲ್ರಿ ಅಣ್ಣಾವ್ರೇ,” ಎಂದ.

ಆ ಸಿಟ್ಟಿನಲ್ಲೇ ನೌಬಾದಿಗೆ ಬಂದು ಶಾಂತಾಬಾಯಿಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಆಕೆ ನನ್ನ ಕಥೆಯನ್ನು ಪೂರ್ತಿ ಕೇಳಲಿಲ್ಲ. ಉಳಿದ ಒಂದು ಟೈರಿಗೆ ಹೆಬ್ಬೆರಳು ಒತ್ತಿ ತಿಕ್ಕಿದಳು. ಬೆರಳಿಗೆ ಕಪ್ಪು ಪಾಲಿಶ್ ಬಂತು. ಪಾಲಿಶ್ ಹೋದ ಕಡೆ ಕೂದಲೆಳೆಯಂಥ ಬಿರುಕುಗಳು ಕಂಡವು.

“ಕುರಿ ತಗೊಂಬಾಗ ಏನ್ ನೋಡ್ತಿ ಅಣ್ಣಾ?”

“ಬಾಯಿ ತೆಗೆದು ಹಲ್ಲ ನೋಡ್ತೇನಿ.”

“ಇದರ ಹಲ್ಲ ಇಲ್ಲಿ ಅವ ನೋಡು,” ಎಂದು ಟೈರಿನ ಮಗ್ಗುಲಲ್ಲಿ ಸಣ್ಣ ಗೆರೆಯೊಳಗೆ ಒತ್ತಿದ್ದ ನಾಲ್ಕು ಅಂಕಿ ತೋರಿಸಿದಳು. “ಮೊದಲಿನ ಎರಡು ಅಂಕಿ ಹುಟ್ಟಿದ ವಾರ, ಕಡೀಕಿನ ಎರಡು ವರ್ಷ. ಏಳು ವರ್ಷದ ಮುದುಕಿ ಇದು. ಮುದುಕಿಗಿ ಕಾಡಿಗಿ ಹಚ್ಚಿ ನಿನ್ನ ಕೊಳ್ಳಿಗಿ ಕಟ್ಯಾನ. ಕುರಿ ಬಾಯಾಗ ಕೈ ಹಾಕಾಂವ, ನಿನಗ ಓದ್ಲಿಕ್ಕಿ ಬರಲ್ಲೇನು?”

ಓದಲು ಬರುತ್ತದೆ. ಅದಕ್ಕೇ ಹೆಚ್ಚು ಉರಿಯಿತು. ಒಳ್ಳೆಯ ಟೈರು ತೋರಿಸು ಎಂದೆ. ಆಕೆ ತೋರಿಸಲಿಲ್ಲ. ಗಾಡಿಯ ನಾಲ್ಕೂ ಗಾಲಿಗೆ ಬಾಡಿಗೆಯ ಟೈರು ಸಿಕ್ಕಿಸಿ, ಅಂಗಡಿಗೆ ತಗಡು ಎಳೆದು ಬೀಗ ಹಾಕಿ, ನನ್ನ ಪಕ್ಕ ಬಂದು ಕುಳಿತಳು. “ಮೊದಲ ದಾರಿ ತೋರ್ಸು. ಗಾಡಿ ನೋಡಿ ಟೈರ್ ಕೊಡಾವ್ರು ಭಾಳ ಮಂದಿ ಅದಾರ,” ಎಂದಳು.

ನಮ್ಮೂರ ತನಕ ಬಂದಳು. ದಾರಿಯುದ್ದಕ್ಕೂ ಎಲ್ಲಿ ಗರಸು, ಎಲ್ಲಿ ಎರೆಮಣ್ಣು, ಎಲ್ಲಿ ಹಳ್ಳ ಎಂದು ಬೆರಳು ಮಡಚಿ ಎಣಿಸಿದಳು. ನಮ್ಮ ಹಟ್ಟಿಯಲ್ಲಿ ಒಂದು ಕುರಿಯನ್ನು ಹಿಡಿದು ಕಾಲೆತ್ತಿದಳು. ಹಿಂದಿನ ದಿನ ಮಳೆಯಾಗಿತ್ತು. ಗೊರಸಿನ ನಡುವೆ ಎರೆಮಣ್ಣು ಉಂಡೆಗಟ್ಟಿತ್ತು.

“ಸಂದಿ ಸಣ್ಣದಿದ್ರ ಮಣ್ಣು ಹಿಡ್ಕೊಂಡು ಕೂಡ್ತದ. ಸಂದಿ ದೊಡ್ಡದಿದ್ರ ಗಾಲಿ ಉಳ್ಳುವಾಗ ತಾನೇ ಉದುರ್ತದ. ನಿನ್ನ ಭಾಲ್ಕಿ ಟೈರಿನ ಕಟ್ಟು ಒತ್ತೊತ್ತಾಗಿದ್ವು. ಎರ್ಯಾಗ ಹೋದ್ರ ಅವು ಟೈರಲ್ಲ, ಮಣ್ಣಿನ ಹೆಂಟಿ.”

“ಅಗಲಾಗಿ ಚಂದ ಇದ್ದವಲ್ಲಕ್ಕಾ,” ಎಂದೆ.

“ಚಂದ ಕಾಣ್ಲಿಕ್ಕಿ ಗಾಡಿದೇನು ಮದಿವಿ ಅದ?”

ಕೊನೆಗೆ ಆಕೆ ಕೊಟ್ಟದ್ದು ನಾನು ಕೇಳಿದ್ದಲ್ಲ. ಹಿಂದಿನ ಎರಡು ಗಾಲಿಗೆ ಮಾತ್ರ ದೊಡ್ಡ ಸಂದಿಯ ಆಲ್ ಟೆರೇನ್, ಅದೂ ಕಂಪನಿಯ ಅಳತೆಯಷ್ಟೇ ಅಗಲದ್ದು. ಮುಂದಿನ ಎರಡಕ್ಕೆ ಉದ್ದ ಗೀರಿನ ಸಾದಾ ಟೈರು. “ಎಳಿಯೂದು ಹಿಂದಿನವು. ಮುಂದಿನವು ದಾರಿ ಹಿಡಿದ್ರ ಸಾಕು. ನಾಕಕ್ಕೂ ಯಾಕ ರೊಕ್ಕ ಸುರೀತಿ?” ಎಂದಳು. ಟೈರು ಎಷ್ಟು ಭಾರ ತಡೆಯುತ್ತದೆ ಎಂಬ ಅಂಕಿಯನ್ನು ನನ್ನಿಂದಲೇ ಓದಿಸಿದಳು. ಕುರಿ ನಿಂತುಕೊಂಡು ಹೋಗುವ ಭಾರ, ತಿರುವಿನಲ್ಲಿ ಎಲ್ಲ ಒಂದೇ ಕಡೆ ಸರಿಯುತ್ತವೆ, ಅಲ್ಲಾಡದ ಚೀಲದ ಲೆಕ್ಕದಲ್ಲಿ ಗಾಳಿ ಹಾಕಬೇಡ ಎಂದು ಮೂರು ಸಲ ಹೇಳಿದಳು. ಆ ಟೈರುಗಳು ನಾಲ್ಕು ಮಳೆಗಾಲ ನಡೆದವು.

ಆವತ್ತು ಕೆಲಸ ಮುಗಿಸಿ ಆಕೆ ಕೊಕ್ಕೆ ಚಾಕು ತೆಗೆದಳು. ಭಾಲ್ಕಿಯ ಟೈರು ಇನ್ನೂ ಮೂರು ಉಳಿದಿದ್ದವು, ನೋಡಲು ಹೊಸದರಂತೆ.

“ಬ್ಯಾಡಕ್ಕಾ, ಕುರಿಗೋಳಿಗಿ ನೀರಿಡ್ಲಿಕ್ಕಿ ಬೇಕು,” ಎಂದೆ.

“ನೀರಿಡ್ಲಿಕ್ಕಿ ಹೊಟ್ಟಿ ಯಾಕ ಬೇಕು? ಸೀಳಿ ಕೊಡ್ತೇನಿ.”

ಸತ್ತ ಮೂರು ಕುರಿ ನೆನಪಾದವು. ಎಲ್ಲವನ್ನೂ ನಾನೇ ಯಾಕೆ ಕಳೆದುಕೊಳ್ಳಬೇಕು ಎಂದು ಸಿಟ್ಟು ಬಂತು. ಅವಳ ಕೈಯಿಂದ ಟೈರು ಕಿತ್ತುಕೊಂಡು ಗಾಡಿಗೆ ಎಸೆದೆ. ಆಕೆ ಚಾಕು ಹಿಡಿದುಕೊಂಡೇ ನಿಂತು ನೋಡಿದಳು.

ತಿಂಗಳೊಳಗೆ ಆ ಮೂರನ್ನೂ ಮನ್ನಳ್ಳಿಯ ವೈಜಿನಾಥನಿಗೆ ಕೊಟ್ಟೆ. ಅವನದೂ ಪಿಕಪ್. ಕೊಡುವ ಮೊದಲು ಹೆಗಲ ಮೇಲಿನ ಟವೆಲ್ ತೆಗೆದೆ. ಅವನು ಕೈ ಕೊಟ್ಟ. ನಾನು ಐಬು ಹೇಳಲಿಲ್ಲ. “ಹೊಲದಾಗ ಓಡಸ್ಲಿಕ್ಕಿ ಅಡ್ಡಿಯಿಲ್ಲ,” ಎಂದಷ್ಟೇ ಅಂದೆ. ಅಷ್ಟು ಅಂದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಯಾ ಕೊಯ್ಲಿನ ದಿನಗಳು. ಒಂದು ಮುಂಜಾನೆ ಶಾಂತಾಬಾಯಿಯ ಫೋನು ಬಂತು. “ಬಾ” ಎಂದು ಇಟ್ಟುಬಿಟ್ಟಳು. ಹೋಗಿ ನೋಡಿದರೆ ಅಂಗಡಿಯ ಮುಂದೆ ವೈಜಿನಾಥನ ಗಾಡಿ. ಅದಕ್ಕಿದ್ದ ಮೂರು ಟೈರುಗಳ ಗುರುತು ಆಕೆಗೆ ಹತ್ತಿತ್ತು. ಗಾಳಿ ಹಾಕಿಸಲು ನಿಲ್ಲಿಸಿದ್ದನಂತೆ. ನೌಬಾದಿನ ಕಡೆಯ ಹೆಂಗಸರನ್ನು ಮನ್ನಳ್ಳಿಯ ಹೊಲಗಳಿಗೆ ಒಯ್ಯುತ್ತಿದ್ದ. ಹಿಂದೆ ಹನ್ನೊಂದು ಮಂದಿ ಕುಡುಗೋಲು, ರೊಟ್ಟಿಗಂಟು ಹಿಡಿದು ಕುಳಿತಿದ್ದರು. ಗಾಡಿಯ ಚಾವಿ ಶಾಂತಾಬಾಯಿಯ ಖಾಕಿ ಅಂಗಿಯ ಜೇಬಿನಲ್ಲಿತ್ತು.

“ಹುಚ್ಚ ಅದಾಳ್ರಿ ಈಕಿ. ಚಾವಿ ಕೊಡವಲ್ಲಳು,” ಎಂದು ವೈಜಿನಾಥ ನನ್ನ ಕಡೆ ಬಂದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

“ಇವನಿಗಿ ಐಬು ಹೇಳಿದ್ದೇನು?” ಎಂದು ಆಕೆ ಕೇಳಿದಳು.

“ನೋಡೇ ತಗೊಂಡಾನಲ್ಲ,” ಎಂದೆ.

ಅಂದ ಮೇಲೆ ಆ ಮಾತು ಯಾರದು ಎಂದು ನನಗೇ ತಿಳಿಯಿತು. ಊರಿನ ದಾರಿಯಲ್ಲಿ ಆಕೆಗೆ ನಾನು ಅದನ್ನು ಹೇಳಿದ್ದೆ, ಭಾಲ್ಕಿಯವನು ಹೀಗಂದ ಎಂದು. ಆಕೆ ಬಯ್ಯಬೇಕಿತ್ತು. ಬಯ್ಯಲಿಲ್ಲ.

“ಹೊಲದಾಗ ಓಡಸು ಅಂತ ಹೇಳೇನಿ ಅಕ್ಕಾ,” ಎಂದು ದನಿ ಏರಿಸಿದೆ.

“ನನ್ನ ಗಂಡನೂ ಹಳಿ ಟೈರ್ ಮಾರಿ ಹಿಂಗೇ ಅಂತಿದ್ದ. ಹೊಲದಾಗ ಓಡಸ್ತೇನಿ ಅಂತ ಹೇಳಿ ಒಯ್ದಾರ ಅಂತ. ಆ ಗಾಡಿ ಹೊಲದಾಗ ಓಡ್ಲಿಲ್ಲ. ಟೈರ್ ಸಿಡಿದು ಇಬ್ಬರು ಹೋದ್ರು. ಅವನೂ ಸಾಯೂ ತನಕ ಇದೇ ಮಾತು ಅಂದ, ನಾ ಹೇಳೇ ಕೊಟ್ಟಿದ್ದೆ ಅಂತ.” ಆಕೆ ಗಾಡಿಯ ಹಿಂಭಾಗಕ್ಕೆ ಕೈ ತೋರಿಸಿದಳು. “ನನಗ ಹೇಳಬ್ಯಾಡ. ಅವರಿಗಿ ಹೇಳು.”

ಚಹಾದವನು ಕೆಟಲಿ ಹಿಡಿದು ನಿಂತಿದ್ದ. ದಾರಿಯಲ್ಲಿ ಹೋಗುವವರು ನಿಂತಿದ್ದರು. ಆಕೆಯ ಮೇಲೆ ಆವತ್ತು ಬಂದಷ್ಟು ಸಿಟ್ಟು ನನಗೆ ಭಾಲ್ಕಿಯವನ ಮೇಲೂ ಬಂದಿರಲಿಲ್ಲ. ಆದರೂ ಹೋಗಿ, ಗಾಡಿಯ ಹಲಗೆಗೆ ಕೈ ಊರಿ ಹೇಳಿದೆ. ಟೈರು ಹಳೆಯವು, ಮೇಲೆ ಪಾಲಿಶ್, ನಾಲ್ಕನೆಯದು ನನ್ನ ಗಾಡಿಯಲ್ಲಿ ಸಿಡಿದಿತ್ತು ಎಂದೆ.

ಹಲಗೆಯ ಹತ್ತಿರ ಕುಳಿತಿದ್ದ ಒಬ್ಬ ಮುದುಕಿ ರೊಟ್ಟಿಗಂಟನ್ನು ಮಡಿಲಿಗೆ ಎಳೆದುಕೊಂಡಳು. “ಕೊಡುವಾಗ ಗೊತ್ತಿತ್ತೇನಪಾ ನಿನಗ?”

“ಗೊತ್ತಿತ್ತು.”

ಮುದುಕಿ ಪಕ್ಕದವಳ ಹೆಗಲು ಹಿಡಿದು ಕೆಳಗಿಳಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಯಾರೂ ನನ್ನ ಮುಖ ನೋಡಲಿಲ್ಲ. ವೈಜಿನಾಥ ಮಾತ್ರ ಕಾಲರಿಗೆ ಕೈ ಹಾಕಿದ. ಶಾಂತಾಬಾಯಿ ಬಿಡಿಸಲಿಲ್ಲ. ಅವನು ಎರಡು ಸಲ ನೂಕಿ ತಾನೇ ಬಿಟ್ಟ.

ಟೈರು ಇಳಿಸಿದಾಗ ಆಕೆ ಚಾಕು ಅದ್ದಿದಳು. ನಾನು ಟೈರು ಹಿಡಿದುಕೊಂಡೆ. ಮೂರನ್ನೂ ಸೀಳಿದಳು, ಒಂದೊಂದಕ್ಕೂ ಒಂದು ಗೇಣು. ಆ ದಿನ ಹೆಂಗಸರನ್ನು ನನ್ನ ಗಾಡಿಯಲ್ಲಿ ಹೊಲಕ್ಕೆ ಬಿಟ್ಟು ಬಂದೆ. ವೈಜಿನಾಥನ ಗಾಡಿಗೆ ಆಕೆ ಹೇಳಿದ ಟೈರುಗಳನ್ನೇ ಹಾಕಿಸಿಕೊಟ್ಟೆ. ಅದರ ಖರ್ಚಿಗೆ ಎರಡು ಟಗರು ಹೋದವು.

ಆಮೇಲೂ ನಾನು ಅದೇ ಅಂಗಡಿಗೆ ಹೋಗುತ್ತಿದ್ದೆ. ಬೇರೆ ಕಡೆ ಹೋಗಲು ಮನಸ್ಸಾಗಲಿಲ್ಲ. ಆಕೆಯೂ ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಗಾಳಿ ಹಾಕುವ ಮೊದಲು ಮೊದಲಿನಂತೆಯೇ ಪ್ರತಿ ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಆದರೆ ಬಯ್ಯುವುದನ್ನು ನಿಲ್ಲಿಸಿಬಿಟ್ಟಳು. ‘ಅಣ್ಣಾ’ ಹೋಯಿತು. “ಔರಾದಿನವ್ರೇ, ಕೂಡ್ರಿ. ಚಹಾ ಕುಡೀರಿ,” ಎನ್ನುತ್ತಿದ್ದಳು, ದಾರಿಹೋಕನಿಗೆ ಹೇಳುವ ಹಾಗೆ. ಟೆಂಪೋದವನಿಗೆ ಬೆನ್ನು ಮುರಿಯುವಂತೆ ಬಯ್ದು ಈ ಕಡೆ ತಿರುಗಿ ನನಗೆ ಮರ್ಯಾದೆಯಿಂದ ಮಾತಾಡುತ್ತಿದ್ದಳು. ನಾನು ಆ ಮರ್ಯಾದೆಯನ್ನು ನುಂಗಿಕೊಂಡು ಚಹಾ ಕುಡಿಯುತ್ತಿದ್ದೆ.

ಕೊನೆಯ ಸಲ ಹೋದಾಗ ನನ್ನ ಹಿಂದಿನ ಟೈರುಗಳು ಸವೆದಿದ್ದವು. ಆಕೆಯ ಬಲಗೈ ಭುಜದ ತನಕ ಏಳುತ್ತಿರಲಿಲ್ಲ. ಹೊಸ ಟೈರು ಆರಿಸಿ ಕೊಟ್ಟಳು, ನಾಲ್ಕು ಅಂಕಿಯನ್ನು ನಾನೇ ಓದಿ ಹೇಳಿದೆ. ಹಳೆಯವು ನೆಲದ ಮೇಲೆ ಬಿದ್ದಿದ್ದವು. ಆಕೆ ಚಾಕು ನನ್ನ ಕಡೆ ಚಾಚಿದಳು.

“ಇವತ್ತ ನೀವೇ ಕೊಯ್ರಿ.”

ಮೊಣಕಾಲು ಊರಿ ಕೊಯ್ದೆ. ರಬ್ಬರು ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿ. ಆಕೆ ಬಗ್ಗಿ, ಸೀಳಿದ ಕಡೆ ಎಡಗೈಯ ಗೇಣು ಹಾಕಿ ನೋಡಿದಳು.

“ಒಂದು ಗೇಣು ಆಗಿಲ್ರಿ. ಇನ್ನಾ ಕೊಯ್ರಿ.”

ಇನ್ನೂ ಕೊಯ್ದೆ. ಸಾಕು ಎಂದೂ ಅನ್ನಲಿಲ್ಲ, ಸರಿಯಾಯಿತು ಎಂದೂ ಅನ್ನಲಿಲ್ಲ. ಚಾಕು ಇಸಿದುಕೊಂಡು ಒರೆಸಿ ಒಳಗೆ ಹೋದಳು.

ಎರಡು ತಿಂಗಳಿಗೆ ತೀರಿಕೊಂಡಳಂತೆ. ನನಗೆ ತಿಳಿಯುವ ಹೊತ್ತಿಗೆ ಮಣ್ಣಾಗಿತ್ತು. ತಗಡಿನ ಅಂಗಡಿಯ ಜಾಗದಲ್ಲಿ ಈಗ ಗಾಜಿನ ಬಾಗಿಲಿನ ಟೈರು ಅಂಗಡಿ ಇದೆ. ಎಲ್ಲ ಟೈರೂ ಹೊಳೆಯುತ್ತವೆ. ಹೋದ ತಿಂಗಳು ಅಲ್ಲಿ ಹೊಸ ಟೈರು ಹಾಕಿಸಿದೆ. ಅಂಗಡಿಯವನು ಗಾಡಿ ನೋಡಿದ, ದಾರಿ ಕೇಳಲಿಲ್ಲ. ಹಳೆಯವನ್ನು ತೋರಿಸಿ, “ಬಿಟ್ಟು ಹೋಗ್ರಿ, ಛಲೋ ರೇಟ್ ಕೊಡ್ತೇನಿ,” ಎಂದ.

ನಾನು ಸೀಟಿನ ಕೆಳಗಿನಿಂದ ನಮ್ಮ ಹಟ್ಟಿಯ ಚಾಕು ತೆಗೆದೆ. ನೀರಿನ ಬಾಟಲಿ ಬಗ್ಗಿಸಿ ತೋಯಿಸಿಕೊಂಡು ಗಾಜಿನ ಬಾಗಿಲಿನ ಮುಂದೆಯೇ ಟೈರು ಕೆಡವಿದೆ.

“ಏ, ತಲಿ ಕೆಟ್ಟದೇನ್ರಿ? ನಿಮ್ಮದೇ ಮಾಲು, ನೀವೇ ಯಾಕ ಕೊಯ್ತೀರಿ?” ಎಂದು ಅವನು ಹೊರಗೆ ಓಡಿಬಂದ.

ಕೊಯ್ದು, ಬೆರಳು ಚಾಚಿ ಗೇಣು ಹಾಕಿ ನೋಡಿದೆ. ಎರಡು ಬೆರಳಿನಷ್ಟು ಕಡಿಮೆ ಬಿದ್ದಿತ್ತು. ಮತ್ತೆ ಮೊಣಕಾಲು ಊರಿದೆ.